ಎಡಗೈಯ ಕೆಲಸ

ನಮ್ಮ ಮನೆಗೆ ಬರುವ ನೀರೆಲ್ಲ ಊರ ಮುಂದಿನ ಒಂದೇ ಬೋರಿನದು. ಆದರೆ ಅದನ್ನು ಹಿಡಿಯುವ ತಂಬಿಗೆಗಳು ನಾಲ್ಕು, ಮತ್ತು ಅವು ಒಂದನ್ನೊಂದು ಮುಟ್ಟುವಂತಿರಲಿಲ್ಲ. ಕುಡಿಯುವ ನೀರಿನ ಹಿತ್ತಾಳೆ ತಂಬಿಗೆ ಅಡುಗೆಮನೆಯ ಮಾಡದಲ್ಲಿ ಕೂತಿರುತ್ತಿತ್ತು. ಪೂಜೆಗೆ ಒಂದು ಗೇಣಿಗಿಂತ ಚಿಕ್ಕದಾದ ತಾಮ್ರದ್ದು. ಜಳಕಕ್ಕೆ ಸ್ಟೀಲಿನದು. ನಾಲ್ಕನೆಯದಕ್ಕೆ ತಂಬಿಗೆ ಎನ್ನುವ ಮರ್ಯಾದೆಯೂ ಇರಲಿಲ್ಲ, ಅದು ಚರಿಗಿ. ಹೊಟ್ಟೆಗೆ ಎರಡು ಕಡೆ ನೆಗ್ಗು ಬಿದ್ದ ಆ ಅಲ್ಯುಮಿನಿಯಂ ಚರಿಗಿ ಹಿತ್ತಲ ಗೋಡೆಯ ಮೇಲೆ ಬೋರಲಾಗಿ ಮಲಗಿರುತ್ತಿತ್ತು. ಅದನ್ನು ಹಿಡಿದು ಹೊರಟವರನ್ನು ಎಲ್ಲಿಗೆ ಎಂದು ಯಾರೂ ಕೇಳುತ್ತಿರಲಿಲ್ಲ, ದಾರಿಯಲ್ಲಿ ಮಾತಿಗೂ ನಿಲ್ಲಿಸುತ್ತಿರಲಿಲ್ಲ. ನಾನು ಐದಾರು ವರ್ಷದವಳಿದ್ದಾಗ ಒಮ್ಮೆ ಆಟದಿಂದ ಬಾಯಾರಿ ಬಂದು, ಕೈಗೆ ಸಿಕ್ಕಿದ್ದು ಅದೇ ಎಂದು ಚರಿಗಿಯಲ್ಲಿ ನೀರು ಕುಡಿದುಬಿಟ್ಟೆ. ಆಯಿ ಬೈಯಲಿಲ್ಲ. ಬಾಯಿಗೆ ಉಪ್ಪು ಹಾಕಿ, ಮೂರು ಸಲ ಮುಕ್ಕಳಿಸಲು ಹಚ್ಚಿ, ಹಣೆಗೆ ವಿಭೂತಿ ಬಳಿದು, ಹಪ್ಪಳ ಒಣಗಿಸುವ ಹಾಗೆ ನನ್ನನ್ನು ಅಂಗಳದ ಬಿಸಿಲಿಗೆ ನಿಲ್ಲಿಸಿದಳು.

ಆಯಿ ಎಂದರೆ ಅಪ್ಪನ ತಾಯಿ. ತಾವರಗೇರಾದಿಂದ ಸ್ವಲ್ಪ ದೂರದ ಆ ಊರಿನಲ್ಲಿ, ಆ ಮನೆಯಲ್ಲಿ, ಎಲ್ಲದಕ್ಕೂ ಅವಳದೇ ಕಾಯಿದೆ. ತಂಬಿಗೆಗಳಿಗೆ ಇದ್ದ ಹಾಗೆ ಕೈಗಳಿಗೂ ಕಾಯಿದೆ ಇತ್ತು. ಬಲಗೈ ಉಣ್ಣಲು, ಕೊಡಲು, ಇಸಿದುಕೊಳ್ಳಲು. ಎಡಗೈ ತೊಳೆಯಲು. ಹೊಲದ ಬದುವಿನ ಕಡೆಯಿಂದ ಬಂದವಳೇ ಹಿತ್ತಲಿನ ಬೂದಿಗುಡ್ಡೆಯ ಮುಂದೆ ಕುಕ್ಕರಗಾಲಲ್ಲಿ ಕೂತು, ಎಡಗೈಯನ್ನು ಬೂದಿ ಹಚ್ಚಿ ಮೂರು ಸಲ ತಿಕ್ಕುತ್ತಿದ್ದಳು. ಉಗುರಿನ ಸಂದು, ಬೆರಳಿನ ಬುಡ, ಮುಂಗೈವರೆಗೆ. ಅಷ್ಟು ಶ್ರದ್ಧೆಯಿಂದ ಅವಳು ನನ್ನ ತಲೆಯನ್ನೂ ತಿಕ್ಕಿದವಳಲ್ಲ. ನನಗೆ ಇದರಲ್ಲಿ ಒಂದೇ ಒಂದು ಗೊಂದಲವಿತ್ತು. ಜಳಕ ಮಾಡಿ ಬಂದು, ಕೊರಳಿನ ಕರಡಿಗೆ ಬಿಚ್ಚಿ, ಲಿಂಗವನ್ನು ಅವಳು ಕೂರಿಸುತ್ತಿದ್ದುದು ಎಡ ಅಂಗೈಯ ಮೇಲೆ. ಬಲಗೈ ಬರೀ ನೀರು ಹನಿಸುವುದು, ಪತ್ರೆ ಇಡುವುದು. ಒಂದು ದಿನ ಪೂಜೆ ಮುಗಿಯುವುದನ್ನೇ ಕಾದು ಕೇಳಿದೆ.

"ಆಯಿ, ಆ ಕೈಲೇ ತೊಳಕೊಂತಿ, ಅದ ಕೈಮ್ಯಾಲ ಲಿಂಗಪ್ಪನ್ನ ಕುಂದ್ರಸ್ತಿ. ಅವಗ ಸಿಟ್ಟು ಬರಂಗಿಲ್ಲೇನು?"

"ದಿನಾ ತೊಳದು ತೊಳದು ಆ ಕೈ ನಿನ್ನ ಮಾರಿಗಿಂತ ಛಲೋ ಆಗೈತಿ. ಅದಕ್ಕ ಅಲ್ಲೇ ಕುಂದ್ರತಾನ ಅಂವ."

ಈ ಉತ್ತರ ನನಗೆ ಎಷ್ಟು ಹಿಡಿಸಿತೆಂದರೆ ಒಂದು ವಾರ ನನ್ನ ಎಡಗೈಯನ್ನು ತಿರುಗಿಸಿ ತಿರುಗಿಸಿ ನೋಡಿಕೊಂಡೆ. ಪ್ರಶ್ನೆ ಕೇಳುವುದು ನನಗೆ ಒಂದು ಚಟವೇ ಆಗಿತ್ತು. ಬೆಕ್ಕು ಮಣ್ಣು ಮುಚ್ಚುತ್ತದೆ, ನಾಯಿ ಯಾಕೆ ಮುಚ್ಚುವುದಿಲ್ಲ? ಎಮ್ಮೆಗೆ ಯಾರು ತೊಳೆಯುತ್ತಾರೆ? ಎರಡೂ ಕೈ ಇಲ್ಲದವರು ಏನು ಮಾಡುತ್ತಾರೆ? ರೊಟ್ಟಿ ಬೇಯಿಸುವಾಗ ಇದನ್ನೆಲ್ಲ ಕೇಳಿದರೆ ಅವ್ವ ಒಲೆಯ ಮುಂದಿನಿಂದಲೇ ಕೂಗುತ್ತಿದ್ದಳು, "ಯಾರರ ಇಕಿ ಬಾಯಿಗೆ ಒಂದು ಬಿರಡಿ ಹಾಕ್ರಿ!" ಅಪ್ಪ ಮಾತ್ರ ಬೈಯುತ್ತಿರಲಿಲ್ಲ, ಉತ್ತರವನ್ನೂ ಕೊಡುತ್ತಿರಲಿಲ್ಲ. ಮಾತು ಕಡಿಮೆಯ ಮನುಷ್ಯ. ಹೊಲ ಸಣ್ಣದು ಎಂದು ಮನೆ ಕಟ್ಟುವ ಗೌಂಡಿ ಕೆಲಸಕ್ಕೆ ಹೋಗುತ್ತಿದ್ದ. ಅವನ ಸಾಮಾನಿನಲ್ಲಿ ನನಗೆ ಪ್ರೀತಿಯದು ಲೆವೆಲ್ ಪೈಪು. ಹತ್ತು ಹನ್ನೆರಡು ಮೊಳ ಉದ್ದದ, ಒಳಗಿನ ನೀರು ಕಾಣುವ ಪ್ಲಾಸ್ಟಿಕ್ ಕೊಳವೆ. ಒಂದು ಗೋಡೆಯಲ್ಲಿ ಒಂದು ತುದಿ, ಇನ್ನೊಂದು ಗೋಡೆಯಲ್ಲಿ ಇನ್ನೊಂದು ತುದಿ ಹಿಡಿದರೆ ಎರಡರಲ್ಲೂ ನೀರು ಒಂದೇ ಮಟ್ಟಕ್ಕೆ ಬಂದು ನಿಲ್ಲುತ್ತಿತ್ತು. ಗೌಂಡಿಗಳಿಗೆ ರಜೆಯಿರುವ ಅಮಾವಾಸ್ಯೆಯ ದಿನ ನಾನು ಒಂದು ತುದಿಯನ್ನು ಎತ್ತಿ, ಇನ್ನೊಂದು ತುದಿಯಿಂದ ನೀರು ಚಿಮ್ಮುವುದನ್ನು ನೋಡುತ್ತ ಗಂಟೆಗಟ್ಟಲೆ ಕಳೆಯುತ್ತಿದ್ದೆ. ಎಷ್ಟು ಎತ್ತಿದರೆ ಅಷ್ಟು ಜೋರು.

ಊರಿಗೆ ಸಂಡಾಸು ಕಟ್ಟಿಸುವ ಸ್ಕೀಮು ಬಂದಾಗ ಅಪ್ಪ ಊರಿನ ಅರ್ಧ ಸಂಡಾಸುಗಳನ್ನು ಕಟ್ಟಿದ. ನಮ್ಮ ಹಿತ್ತಲಲ್ಲೂ ಒಂದು ಎದ್ದಿತು, ತಗಡಿನ ಮಾಳಿಗೆಯದು. ಅವ್ವನಿಗೆ ಹೇಳಲಾರದಷ್ಟು ಖುಷಿ. ಆಯಿ ಒಳಗೆ ಇಣುಕಿ ನೋಡಿ, "ಉಣ್ಣೂ ಮನಿಗಿ ಇದನ್ನ ಇಷ್ಟು ಹತ್ತರ ಕಟ್ಟೋದೇನು?" ಎಂದು ಮರುದಿನವೇ ಅದರ ತುಂಬ ಸಗಣಿಯ ಕುಳ್ಳು ಒಟ್ಟಿದಳು. ಹೊಸ ಸಂಡಾಸು ಕುಳ್ಳಿನ ಗೂಡಾಯಿತು. ಅವ್ವ ಎರಡು ಸಲ ಕುಳ್ಳು ಹೊರಗೆ ಹಾಕಿದಳು, ಆಯಿ ಎರಡು ಸಲ ಒಳಗೆ ಹಾಕಿದಳು. ಆ ಎರಡು ತಿಂಗಳು ಅತ್ತೆ ಸೊಸೆ ಮಾತಾಡಿದ್ದೆಲ್ಲ ನನ್ನ ಮೂಲಕ, ಇಲ್ಲವೇ ಎಮ್ಮೆಯ ಮೂಲಕ.

ಆಯಿಗೆ ಲಕ್ವಾ ಹೊಡೆದದ್ದು ರೊಟ್ಟಿ ಬಡಿಯುವಾಗ. ಅವಳ ಬಲಗೈ ಬಡಿಯುತ್ತಿತ್ತು, ಎಡಗೈ ತಿರುಗಿಸುತ್ತಿತ್ತು. ನಾನು ಎದುರಿಗೇ ಕೂತಿದ್ದೆ. ಎಡಗೈ ನಿಂತುಬಿಟ್ಟಿತು. ಬಲಗೈಗೆ ಅದು ಗೊತ್ತಾಗದೆ ಬಡಿಯುತ್ತಲೇ ಇತ್ತು, ರೊಟ್ಟಿ ಒಂದೇ ಕಡೆ ತೆಳ್ಳಗಾಗುತ್ತ ಹೋಗಿ ಹರಿಯಿತು. "ಯಾಕ ಆಯಿ?" ಎಂದೆ. ಅವಳ ಬಾಯಿಂದ ಬಂದ ಮಾತು ಅರ್ಥವಾಗಲಿಲ್ಲ. ಇಪ್ಪತ್ತು ದಿನ ಆಸ್ಪತ್ರೆಯಲ್ಲಿದ್ದಳು. ಮಾತು ಮರಳಿತು, ಎಡಗಾಲು ಎಳೆಯುತ್ತ ಎಳೆಯುತ್ತ ದಾರಿಗೆ ಬಂತು. ಎಡಗೈ ಬರಲಿಲ್ಲ. ಅದು ಮೈಗೆ ಅಂಟಿಕೊಂಡು ಜೋತುಬಿದ್ದಿತ್ತು. ಮನೆಗೆ ಬಂದ ಮರುದಿನ ಬೆಳಿಗ್ಗೆ ಪೂಜೆಗೆ ಕೂತಳು. ಬಲಗೈಯಿಂದ ಎಡಗೈಯನ್ನು ಎತ್ತಿ ತೊಡೆಯ ಮೇಲೆ ಇಟ್ಟುಕೊಂಡಳು. ಮಡಚಿಕೊಂಡಿದ್ದ ಬೆರಳುಗಳನ್ನು ಒಂದೊಂದಾಗಿ ಬಿಡಿಸಿದಳು. ಅಂಗೈ ಚಪ್ಪಟೆಯಾದ ಮೇಲೆ ಅದರ ನಡುವೆ ಲಿಂಗವನ್ನು ಇಟ್ಟಳು. ಕೈ ಅಲುಗಾಡಲಿಲ್ಲ.

"ನೋಡು," ಎಂದಳು ನನಗೆ, "ಇನ್ನ ಈ ಕೈಗೆ ಇದೊಂದ ಕೆಲಸ."

ಆಗ ನನಗೆ ಆ ಮಾತಿನ ಅರ್ಧ ಮಾತ್ರ ತಿಳಿಯಿತು. ಅವ್ವ ಯಾರಿಗೂ ಹೇಳದೆ ಸಂಡಾಸಿನಿಂದ ಕುಳ್ಳು ತೆಗೆದು, ನೆಲ ತೊಳೆದು, ಒಳಗಿನಿಂದ ಎಳೆದುಕೊಳ್ಳಲು ಬಾಗಿಲಿಗೆ ಹಗ್ಗ ಕಟ್ಟಿದಳು. ಅಪ್ಪ ಅತ್ತಿತ್ತ ಎರಡು ಇಟ್ಟಿಗೆ ಕಟ್ಟೆ ಕಟ್ಟಿ, ಕುಕ್ಕರಗಾಲು ಹಾಕದೆ ಕೂರುವ ಹಾಗೆ ಮಾಡಿದ. ಬದುವಿನವರೆಗೆ ನಡೆಯಲಾರದ ಆಯಿ ಮಾತಿಲ್ಲದೆ ಅಲ್ಲಿಗೇ ಹೋಗತೊಡಗಿದಳು. ಎಲ್ಲ ಸರಿಹೋಯಿತು ಎಂದುಕೊಂಡೆವು. ಆದರೆ ಹದಿನೈದು ದಿನಗಳಲ್ಲಿ ಆಯಿಯ ಊಟ ಇಳಿಯತೊಡಗಿತು. ಎರಡು ರೊಟ್ಟಿಯಿಂದ ಒಂದು, ಒಂದರಿಂದ ಅರ್ಧ. ಅವ್ವ ಪುಂಡಿಪಲ್ಯ ಮಾಡಿದಳು, ಬೆಲ್ಲ ಹಾಕಿ ನುಚ್ಚು ಕುದಿಸಿದಳು, ಬದನೆಕಾಯಿಗೆ ಗುರೆಳ್ಳು ತುಂಬಿದಳು. ಆಯಿ ಬೆರಳ ತುದಿಯಲ್ಲಿ ಮುಟ್ಟಿ, "ಹೊಟ್ಟಿ ತುಂಬೈತಿ," ಎನ್ನುತ್ತಿದ್ದಳು. ಡಾಕ್ಟರು ಹಸಿವಿನ ಟಾನಿಕ್ ಬರೆದುಕೊಟ್ಟರು. ಟಾನಿಕ್ ನನಗೆ ಕದ್ದು ಕುಡಿಯಲು ಬಂತು, ಆಯಿಗೆ ಹಸಿವು ಬರಲಿಲ್ಲ. ಅವಳ ಕೊರಳ ಎಲುಬು ಎದ್ದು ಕಂಡಿತು. ಓಣಿಯ ಹೆಂಗಸರು ನೋಡಲು ಬಂದವರು ಅವ್ವನ ಮುಖವನ್ನೇ ನೋಡಿ ಹೋಗುತ್ತಿದ್ದರು. ಒಬ್ಬಳು ಬಾಗಿಲಲ್ಲಿ ನಿಂತು, ಅವ್ವನಿಗೆ ಕೇಳಲಿ ಎಂದೇ ಹೇಳಿದಳು.

"ಕುಳ್ಳಿನ ಸಿಟ್ಟು ಅನ್ನದ ಮ್ಯಾಲ ತೀರಿಸ್ಕೊಳ್ಳಾಕತ್ತಾಳ ಸೊಸಿ."

ಅವ್ವ ಅಂದು ಎಮ್ಮೆಯ ಗೋದಲಿಯ ಹಿಂದೆ ಕೂತು ಅತ್ತದ್ದನ್ನು ನಾನು ನೋಡಿದೆ. ಅವಳು ಅಳುವುದನ್ನು ಅದೇ ಮೊದಲು ನೋಡಿದ್ದು. ನನಗೆ ಭಯವಾಯಿತು. ಆಯಿ ಸಾಯುತ್ತಾಳೆ ಮತ್ತು ಆ ಸಾವು ಅವ್ವನ ತಲೆಗೆ ಬರುತ್ತದೆ ಎಂದು ನನಗೆ ಸ್ಪಷ್ಟವಾಗಿ ತಿಳಿಯಿತು.

ಕಾರಣ ಗೊತ್ತಾದದ್ದು ನನ್ನ ಹುಚ್ಚು ಕುತೂಹಲದಿಂದ. ಒಂದೇ ಕೈಯಲ್ಲಿ ದಿನ ಹೇಗೆ ಕಳೆಯುತ್ತದೆ ಎಂದು ನೋಡಬೇಕೆನಿಸಿತು. ಸಾಲಿಗೆ ಸೂಟಿ ಇದ್ದ ಒಂದು ಭಾನುವಾರ ಅಪ್ಪನ ಟವೆಲ್ಲಿನಿಂದ ಎಡಗೈಯನ್ನು ಸೊಂಟಕ್ಕೆ ಬಿಗಿದುಕೊಂಡೆ. ಮುಖ ತೊಳೆದೆ, ಅರ್ಧ ತೊಯ್ಯಿತು. ಜಡೆ ಹಾಕಿಕೊಳ್ಳಲು ಆಗಲಿಲ್ಲ, ಬಿಟ್ಟೆ. ಉಂಡೆ, ಅದರಲ್ಲಿ ಏನೂ ಕಷ್ಟವಿಲ್ಲ. ರೊಟ್ಟಿ ಮುರಿಯುವಾಗ ಮಾತ್ರ ಮೊಣಕೈಯಿಂದ ಒತ್ತಬೇಕಾಯಿತು. ಆಮೇಲೆ ಹೊಟ್ಟೆ ಮುರಿಯಿತು. ಚರಿಗಿ ತುಂಬಿಕೊಂಡು ಸಂಡಾಸಿಗೆ ಹೋದೆ. ಕೂತೆ. ಆಟ ಅಲ್ಲಿಗೆ ಮುಗಿಯಿತು. ಬಲಗೈಯಲ್ಲಿ ಚರಿಗಿ ಹಿಡಿದರೆ ತೊಳೆಯಲು ಕೈ ಇಲ್ಲ. ಚರಿಗಿ ಕೆಳಗಿಟ್ಟು ತೊಳೆಯೋಣ ಎಂದರೆ, ಅದು ನಾನು ಈಗಷ್ಟೇ ಉಂಡ ಕೈ. ಅಲ್ಲಿ ಕೂತೇ ನನಗೆ ಆಯಿ ನೆನಪಾದಳು. ಟವೆಲ್ಲು ಬಿಚ್ಚಿಕೊಂಡೆ, ನನಗೆ ಬಿಚ್ಚಿಕೊಳ್ಳಲು ಸಾಧ್ಯವಿತ್ತು. ಹೊರಗೆ ಬಂದು ನೋಡಿದರೆ ಆಯಿ ಪಡಸಾಲೆಯ ಕಿಟಕಿಯಿಂದ ತನ್ನ ಪಾಲಿನ ರೊಟ್ಟಿಯನ್ನು ಎಮ್ಮೆಯ ಬಾಯಿಗೆ ಕೊಡುತ್ತಿದ್ದಳು.

"ಆಯಿ, ನಿನಗ ಹಸಿವು ಆಗತೈತಿ. ಹೌದಿಲ್ಲೋ?"

ನಾನು ಟವೆಲ್ಲನ್ನು ಎತ್ತಿ ತೋರಿಸಿ, ಏನು ಮಾಡಿದೆ ಎಂದು ಹೇಳಿದೆ. ಅವಳ ಕಣ್ಣು ತುಂಬಿತು.

"ತಿಂದ್ರ ಹೋಗಬೇಕು," ಎಂದಳು. "ಹೋದ್ರ ತೊಳೀಬೇಕು. ದವಾಖಾನಿಯಿಂದ ಬಂದ ಮ್ಯಾಲ ಒಂದ ಸಲ ಬಲಗೈಲೇ ತೊಳಕೊಂಡೆ. ಬೂದಿ ಹಚ್ಚಿ ತಿಕ್ಕಾಕ ಇನ್ನೊಂದ ಕೈ ಬೇಕಲ್ಲವ್ವ? ಗ್ವಾಡಿಗೆ ತಿಕ್ಕಿದೆ, ಕಲ್ಲಿಗೆ ತಿಕ್ಕಿದೆ. ಆವತ್ತು ಆ ಕೈಲೇ ಉಣ್ಣಾಕ ಆಗ್ಲಿಲ್ಲ. ಲಿಂಗಪ್ಪನ್ನ ಮುಟ್ಟಾಕೂ ಆಗ್ಲಿಲ್ಲ. ಮೂರು ದಿನಕ್ಕ ಒಮ್ಮಿ ಹೋಗೂ ಹಂಗ ತಿಂದು, ಹೋದ ದಿನ ಉಪಾಸ ಇದ್ರ ಹೆಂಗೋ ನಡೀತೈತಿ. ಯಾರ ಮುಂದೂ ಹೇಳಬ್ಯಾಡ. ನನ್ನ ಆಣಿ ಐತಿ."

ಈಗ ನಾನು ಕೊಪ್ಪಳದಲ್ಲಿ ನರ್ಸು. ಊಟ ಬಿಟ್ಟ ವಯಸ್ಸಾದವರ ಹಾಸಿಗೆಯ ಹತ್ತಿರ ಹೋದಾಗ ನಾನು ಮೊದಲು ಹಸಿವಿನ ಮಾತು ತೆಗೆಯುವುದಿಲ್ಲ. ಪರದೆ ಎಳೆದು, ತಗ್ಗಿದ ದನಿಯಲ್ಲಿ ಕೇಳುತ್ತೇನೆ: "ತೊಳಕೊಳ್ಳಾಕ ಹೆಂಗ ಮಾಡ್ತೀರಿ?" ಎಷ್ಟೋ ಸಲ ಅವರು ಮುಖ ತಿರುಗಿಸಿಕೊಳ್ಳುತ್ತಾರೆ. ಅಲ್ಲೇ ಉತ್ತರ ಸಿಗುತ್ತದೆ. ಈ ಪ್ರಶ್ನೆಯನ್ನು ನನಗೆ ಯಾವ ಟ್ರೇನಿಂಗಿನಲ್ಲೂ ಕಲಿಸಲಿಲ್ಲ.

ಆಯಿಯ ಆಣೆಯನ್ನು ನಾನು ಆ ಭಾನುವಾರ ಸಂಜೆಯವರೆಗೆ ಹಿಡಿದುಕೊಂಡೆ. ಅಪ್ಪ ಕೆಲಸದಿಂದ ಬಂದು ಕೈಕಾಲು ತೊಳೆಯುತ್ತಿದ್ದಾಗ ಎಲ್ಲವನ್ನೂ ಒದರಿಬಿಟ್ಟೆ. ಅವ್ವನೂ ಕೇಳಿಸಿಕೊಂಡಳು. ಅಪ್ಪ ನೀರು ಸುರಿಯುತ್ತಲೇ ನಿಂತ, ಕಾಲ ಮೇಲೆ ಬೀಳುತ್ತಿದೆಯೋ ಕೆಸರಿಗೆ ಬೀಳುತ್ತಿದೆಯೋ ಎಂಬ ಎಚ್ಚರವಿಲ್ಲದೆ. ಅವ್ವ ಸೀದಾ ಒಳಗೆ ಹೋಗಿ ಆಯಿಯ ಮುಂದೆ ಕೂತಳು.

"ಅತ್ತಿ, ನಾ ತೊಳೀತೀನಿ."

"ಏನು?"

"ನಾ ತೊಳೀತೀನಿ ಅಂದೆ. ನನ್ನ ಮಗಳ್ನ ನೀವು ತೊಳೀಲಿಲ್ಲೇನು? ನಾ ಬಾಣಂತಿ ಇದ್ದಾಗ ನನ್ನ ಬಟ್ಟಿ ನೀವು ತೊಳೀಲಿಲ್ಲೇನು? ಆವಾಗ ನಾ ಏನರ ಅಂದ್ನೇನ್ರಿ?"

"ಅದು ಕೂಸು, ನೀ ಬಾಣಂತಿ. ನಾ ಏನು?" ಎಂದಳು ಆಯಿ. "ನಾ ಹೆಣ ಆದ ಮ್ಯಾಲ ತೊಳೀರಿ. ಅಲ್ಲೀತನಕ ಯಾರ ಕೈಲೂ ತೊಳಿಸ್ಕೊಳ್ಳಂಗಿಲ್ಲ."

ಆಮೇಲೆ ಅವಳು ನನ್ನ ಕಡೆ ತಿರುಗಿದಳು. ಬೈಯಲಿಲ್ಲ. ಮುಖ ಆಚೆ ಮಾಡಿ ಮಲಗಿದಳು. ಅಂದಿನಿಂದ ನನ್ನ ಜೊತೆ ಮಾತು ಬಿಟ್ಟಳು. ನಾವಿಬ್ಬರೂ ಮಲಗುವ ಹಾಸಿಗೆ ಒಂದೇ, ಆದರೆ ನಡುವೆ ಒಂದು ದಿಂಬು ಬಂತು. ನಾನು ಮಾಡಿದ್ದು ಸರಿ ಎಂದು ನನಗೆ ಗೊತ್ತಿತ್ತು, ಮಾಡಬಾರದ್ದನ್ನು ಮಾಡಿದ್ದೇನೆ ಎಂದೂ ಗೊತ್ತಿತ್ತು. ಎರಡೂ ಒಟ್ಟಿಗೆ ನಿಜವಾಗಬಹುದು ಎಂದು ಅರಿತದ್ದು ಆ ದಿಂಬಿನ ಈ ಕಡೆ ಮಲಗಿ.

ಪಕ್ಕದ ಮನೆಯ ಹುಸೇನಬಿ ಆಯಿಯ ಗೆಳತಿ. ಅವ್ವ ಅವಳ ಹತ್ತಿರ ಹೇಳಿಕೊಂಡಳು. ಹುಸೇನಬಿ ತಮ್ಮ ಮನೆಯ ಮೂತಿ ಇರುವ ತಾಮ್ರದ ತಂಬಿಗೆಯನ್ನು ಸೆರಗಿನಲ್ಲಿ ಮುಚ್ಚಿಕೊಂಡು ತಂದಳು; ಅವರು ನಮಾಜಿಗೆ ಮುಂಚೆ ಕೈಕಾಲು ಮುಖ ತೊಳೆಯಲು ಇಟ್ಟುಕೊಂಡಂಥದ್ದು. ಮೂತಿಯಿಂದ ಸಣ್ಣಗೆ, ಬೇಕಾದ ಕಡೆಗೇ ನೀರು ಬೀಳುತ್ತದೆ, ಒಂದೇ ಕೈ ಸಾಕು ಎಂದು ಅವಳ ಲೆಕ್ಕ. ಆಯಿ ಗೆಳತಿಯ ಮಾತಿಗೆ ಒಂದು ಸಲ ಒಪ್ಪಿ ಒಳಗೆ ಹೋದಳು. ಹೊರಗೆ ಬಂದು ತಂಬಿಗೆಯನ್ನು ಜಗುಲಿಯ ಮೇಲೆ ಇಟ್ಟಳು.

"ನೀರೇನೋ ಬೀಳತೈತಿ ಹುಸೇನಬಿ. ತಿಕ್ಕೋರು ಯಾರು?"

ಗೋಡೆಗೆ ಒರಗಿ ಬೀಡಿ ಸೇದುತ್ತಿದ್ದ ಅಪ್ಪ ಆ ಮಾತು ಕೇಳಿ ಬೀಡಿ ಬಿಸಾಡಿದ. ತಾಯಿಯ ಎದುರು ಈ ವಿಷಯ ಮಾತಾಡಲು ಅವನಿಗೆ ಎಂದೂ ಬಾಯಿ ಬರುತ್ತಿರಲಿಲ್ಲ. ನನ್ನ ಕಡೆ ನೋಡಿ, "ತಿಕ್ಕೋದು ನೀರ ಮಾಡಬೇಕು," ಎಂದ. "ಜೋರು ಬೇಕು. ಎತ್ತರ ಬೇಕು." ನಾನು ಓಡಿ ಹೋಗಿ ಲೆವೆಲ್ ಪೈಪು ತಂದೆ.

ಮುಂದಿನ ಅಮಾವಾಸ್ಯೆಗೆ ಅಪ್ಪ ಕೆಲಸ ಶುರು ಮಾಡಿದ. ಬಚ್ಚಲಿನ ಮಾಳಿಗೆಯ ಮೇಲೆ ಒಂದು ಡ್ರಮ್ಮು ಇತ್ತು. ಅವ್ವ ಬೆಳಿಗ್ಗೆ ಅದಕ್ಕೆ ನೀರು ತುಂಬಿದರೆ ಬಚ್ಚಲಿಗೂ ಅಡುಗೆಮನೆಗೂ ನಳದಲ್ಲಿ ಬರುತ್ತಿತ್ತು. ಅಪ್ಪ ಅದಕ್ಕೆ ಲೆವೆಲ್ ಪೈಪನ್ನು ಕೂಡಿಸಿ, ಸಂಡಾಸಿನ ಗೋಡೆಗುಂಟ ಇಳಿಸಿ, ಬಲಗೈಗೆ ನಿಲುಕುವಲ್ಲಿ ಒಂದು ಹಳೆಯ ನಳ ಹಾಕಿ, ಇಟ್ಟಿಗೆ ಕಟ್ಟೆಯ ಹಿಂದಿನಿಂದ ತುದಿಯನ್ನು ಮೇಲ್ಮುಖವಾಗಿ ತಂದ. ತುದಿ ಸಣ್ಣದಾದರೆ ಜೋರು ಹೆಚ್ಚು ಎಂದು ನನ್ನ ಬಾಲ್‌ಪೆನ್ನಿನ ಕೊಳವೆಯನ್ನು ಕತ್ತರಿಸಿ ಅದಕ್ಕೆ ಸಿಕ್ಕಿಸಿದೆವು. ಅಳತೆ ನೋಡಲು ನಾನೇ ಕಟ್ಟೆಯ ಮೇಲೆ ಲಂಗ ಸಮೇತ ಕೂತೆ, ಎದ್ದೆ, ಮತ್ತೆ ಕೂತೆ. ಅಪ್ಪ ನೆಲಕ್ಕೆ ಕೆನ್ನೆ ಹಚ್ಚಿ, ಒಂದು ಕಣ್ಣು ಮುಚ್ಚಿ, ಗೋಡೆಯ ಮೂಲೆ ನೋಡುವಷ್ಟೇ ಗಂಭೀರವಾಗಿ ಆ ಪೆನ್ನಿನ ತುದಿಯನ್ನು ನೋಡುತ್ತಿದ್ದ. ಇಬ್ಬರೂ ಸರಿಯಾಗಿದೆ ಎಂದುಕೊಂಡು ನಳ ತಿರುಗಿಸಿದೆವು. ನೀರು ಸುಯ್ಯೆಂದು ಎದ್ದು, ತಗಡಿಗೆ ಬಡಿದು, ಅಪ್ಪನ ತಲೆಯ ಮೇಲೆಯೇ ಸುರಿಯಿತು. ಅವ್ವ ಬಾಗಿಲಲ್ಲಿ ನಿಂತು ಹೊಟ್ಟೆ ಹಿಡಿದು ನಕ್ಕಳು. ಒಳಗಿನಿಂದ ಆಯಿಯ ಕೆಮ್ಮೂ ಕೇಳಿಸಿತು, ಅದು ನಗುವೇ ಎಂದು ನನಗೆ ಈಗಲೂ ಅನುಮಾನ. ಪೆನ್ನಿನ ಕೊಳವೆ ತೆಗೆದು ಹಾಕಿದ ಮೇಲೆ ನೀರು ಒಂದು ಮೊಳಕ್ಕೆ ಇಳಿಯಿತು.

ಎಲ್ಲ ಮುಗಿದ ಮೇಲೆ ಆಯಿಯನ್ನು ಕರೆದುಕೊಂಡು ಬಂದೆವು. ಅವಳು ಬಾಗಿಲಲ್ಲಿ ನಿಂತು ಪೈಪಿನ ಗುಂಟ ಕಣ್ಣನ್ನು ಮೇಲಕ್ಕೆ ಒಯ್ದಳು. ಗೋಡೆ, ಮಾಳಿಗೆ, ಡ್ರಮ್ಮು, ಅಲ್ಲಿಂದ ಅಡುಗೆಮನೆಯ ಕಡೆ ಹೋಗುವ ಇನ್ನೊಂದು ಪೈಪು.

"ಇದರ ನೀರು ನನ್ನ ತಾಮ್ರದ ತಂಬಿಗಿಗೂ ಬರತೈತಿ, ಇಲ್ಲಿಗೂ ಬರತೈತಿ," ಎಂದಳು ಅಪ್ಪನಿಗೆ. "ನಡುವ ಎಲ್ಲರ ಕಡದೈತೇನು? ಒಂದ ಹಗ್ಗ ಇದ್ದಂಗ ಐತಿ. ಒಂದ ತುದಿ ಸಂಡಾಸದಾಗ, ಒಂದ ತುದಿ ಲಿಂಗಪ್ಪನ ತಲಿಮ್ಯಾಲ."

"ಯವ್ವಾ, ನೀರು ಮ್ಯಾಲಿಂದ ಕೆಳಗ ಬರತೈತಿ. ಕೆಳಗಿಂದ ಮ್ಯಾಲ ಹೋಗಂಗಿಲ್ಲ."

"ನೀ ನೋಡಿಯೇನು?"

ಅಪ್ಪ ನೋಡಿರಲಿಲ್ಲ. ನನಗೆ ಮಾತ್ರ ನೋಡಲೇಬೇಕು ಎನಿಸಿತು. ಅಪ್ಪನ ಧೋತರಕ್ಕೆ ಹಾಕುವ ನೀಲಿಯನ್ನು ಬಟ್ಟಲಲ್ಲಿ ಕದಡಿ, ಪೈಪಿನ ಕೆಳಗಿನ ತುದಿಯನ್ನು ಅದರಲ್ಲಿ ಮುಳುಗಿಸಿದೆ. ಆಯಿಯ ಮುಂದೆಯೇ ನಳವನ್ನು ಹಗೂರಕ್ಕೆ ತಿರುಗಿಸಿದೆ. ಪೈಪಿನ ಒಳಗಿನದೆಲ್ಲ ಕಾಣುವುದರಿಂದ ನೀಲಿ ಒಂದು ಬೆರಳಿನಷ್ಟೂ ಮೇಲಕ್ಕೆ ಹತ್ತದೆ ಹೊರಗೆ ತಳ್ಳಿಸಿಕೊಂಡು ಬಂದದ್ದು ಎಲ್ಲರಿಗೂ ಕಂಡಿತು. ಮಾಳಿಗೆ ಹತ್ತಿ ಡ್ರಮ್ಮಿನ ನೀರನ್ನು ಗ್ಲಾಸಿನಲ್ಲಿ ತಂದೆ. ನೀಲಿ ಇಲ್ಲವೇ ಇಲ್ಲ. ನನಗೆ ಗೆದ್ದೆ ಎನ್ನುವಷ್ಟು ಸಂತೋಷ. ಆಯಿ ಗ್ಲಾಸನ್ನು ಬಿಸಿಲಿಗೆ ಹಿಡಿದು ನೋಡಿ, ಅಪ್ಪನ ಕಡೆಯೇ ತಿರುಗಿ ಹೇಳಿದಳು.

"ನಿನ್ನ ಮಗಳಿಗೆ ಹೇಳು. ನೀಲಿ ಕಣ್ಣಿಗೆ ಕಾಣತೈತಿ. ಹೊಲಸು ಎಲ್ಲಾ ಕಾಣತೈತೇನು?"

ಮುಂದೆ ನರ್ಸಿಂಗ್ ಓದುವಾಗ, ಕಣ್ಣಿಗೆ ಕಾಣದ ಕ್ರಿಮಿಗಳ ಪಾಠದ ದಿನ, ನಳದ ನೀರು ಕೆಲವೊಮ್ಮೆ ಹಿಂದಕ್ಕೆ ಎಳೆದುಕೊಳ್ಳುತ್ತದೆ, ಆದ್ದರಿಂದ ಕುಡಿಯುವ ನೀರಿನ ಪೈಪನ್ನು ಹೊಲಸು ನೀರಿಗೆ ನೇರ ಕೂಡಿಸಬಾರದು ಎಂದು ಮೇಡಂ ಹೇಳಿದಾಗ ನಾನು ಕ್ಲಾಸಿನಲ್ಲಿ ಒಬ್ಬಳೇ ನಕ್ಕೆ. ಅಂದು ಮಾತ್ರ ಅಳು ಬಂತು. ಅಪ್ಪನಿಗೆ ಸಿಟ್ಟು ಬಂತು. ತಾಯಿಗೆ ಎದುರಾಡದ ಮನುಷ್ಯ ಗಾರೆ ಮೆತ್ತುವ ಕರಣಿಯನ್ನು ನೆಲಕ್ಕೆ ಒಗೆದು, "ಹಂಗಾರ ಉಪಾಸ ಸಾಯಿ!" ಎಂದು ಚೀರಿ ಬಾಗಿಲ ಹೊರಗೆ ಹೋಗಿ ಕೂತ. ಆಯಿ ಅಲ್ಲಾಡಲಿಲ್ಲ.

ಆಗ ಅವ್ವ ಅಡುಗೆಮನೆಗೆ ಹೋಗಿ ಖಾಲಿಯಾದ ಎಣ್ಣೆಯ ತಗಡಿನ ಡಬ್ಬಿಯನ್ನು ತಂದು ಆಯಿಯ ಕಾಲ ಬಳಿ ಇಟ್ಟಳು. ಅವಳ ಮುಖದಲ್ಲಿ ಸಿಟ್ಟೂ ಇರಲಿಲ್ಲ, ಬೇಡಿಕೊಳ್ಳುವುದೂ ಇರಲಿಲ್ಲ.

"ಅತ್ತಿ, ಚರಿಗಿಗೆ ನೀರು ಹೆಂಗ ಹಾಕ್ತೀವಿ?"

"ಕೊಡದಿಂದ. ಮ್ಯಾಲಿಂದ ಸುರೀತೀವಿ. ಕೊಡಕ್ಕ ಮುಟ್ಟಸಂಗಿಲ್ಲ."

"ಹಂಗ ಸುರದ್ರ ಕೊಡಕ್ಕ ಹೊಲಸು ಹತ್ತತೈತೇನು?"

"ಹೆ, ಅದೆಂಗ ಹತ್ತತೈತಿ? ನಡುವ ಗಾಳಿ ಐತೆಲ್ಲ."

"ಮತ್ತ ಈ ಡಬ್ಬಿ ಸಂಡಾಸದ ಗ್ವಾಡಿಮ್ಯಾಲ ಇಡ್ತೀವಿ. ಡ್ರಮ್ಮಿಗೆ ಕೂಡ್ಸಂಗಿಲ್ಲ, ಯಾವುದಕ್ಕೂ ಕೂಡ್ಸಂಗಿಲ್ಲ. ನಾ ದಿನಾ ಏಣಿ ಹತ್ತಿ, ಗೇಣು ಎತ್ತರದಿಂದ ಸುರೀತೀನಿ. ಇದೂ ಒಂದು ಚರಿಗಿ ಅಂತ ತಿಳಕೋರಿ. ದೊಡ್ಡದು, ಅಷ್ಟ."

ಆಯಿ ಡಬ್ಬಿಯನ್ನು ನೋಡಿದಳು, ಅವ್ವನನ್ನು ನೋಡಿದಳು. ಎಷ್ಟೋ ವರ್ಷ ಒಂದೇ ಒಲೆಯ ಮುಂದೆ ಕೂತ ಆ ಇಬ್ಬರು ಅಷ್ಟು ಹೊತ್ತು ಒಬ್ಬರನ್ನೊಬ್ಬರು ನೋಡಿದ್ದನ್ನು ನಾನು ಕಂಡಿರಲಿಲ್ಲ. ಕೊನೆಗೆ ಆಯಿ ಬಲಗಾಲಿನ ಹೆಬ್ಬೆರಳಿನಿಂದ ಡಬ್ಬಿಯನ್ನು ಒಮ್ಮೆ ತಟ್ಟಿ, "ಸೋರತೈತೇನ ನೋಡ್ರಿ ಮೊದಲ," ಎಂದಳು.

ಅಪ್ಪ ಒಳಗೆ ಬಂದು ಕರಣಿ ಎತ್ತಿಕೊಂಡ. ಡಬ್ಬಿಯ ತಳಕ್ಕೆ ತೂತು ಕೊರೆದು, ಪೈಪು ಕೂಡಿಸಿ, ಸಂಡಾಸಿನ ಗೋಡೆಯನ್ನು ಇಟ್ಟಿಗೆಯ ಇನ್ನೆರಡು ವರಸೆ ಎತ್ತರಿಸಿ ಅದರ ಮೇಲೆ ಕೂರಿಸಿದ. ಮರುದಿನ ಬೆಳಿಗ್ಗೆ ಅವ್ವ ಏಣಿ ಹತ್ತಿ ಕೊಡದಿಂದ ನೀರು ಸುರಿದಳು. ಗೇಣಲ್ಲ, ಮೊಳ ಎತ್ತರದಿಂದ, ಆಯಿಗೆ ಕಾಣುವ ಹಾಗೆ. ಆಯಿ ಒಳಗೆ ಹೋಗಿ ಬಾಗಿಲು ಎಳೆದುಕೊಂಡಳು. ನಾವು ಮೂವರೂ ಬೇರೆ ಬೇರೆ ಕೆಲಸ ಮಾಡುತ್ತಿರುವವರ ಹಾಗೆ ಹಿತ್ತಲಲ್ಲಿ ನಿಂತೆವು. ಅವ್ವ ಗುಡಿಸಿದ್ದನ್ನೇ ಗುಡಿಸುತ್ತಿದ್ದಳು. ಬಹಳ ಹೊತ್ತಾದ ಮೇಲೆ ನಳ ತಿರುಗಿದ ಕಿರ್ ಎಂಬ ಸದ್ದು ಬಂತು, ಅದರ ಹಿಂದೆಯೇ ಆಯಿಯ ಚೀರು.

"ಅಯ್ಯ ಶಿವನ! ಎಷ್ಟು ತಣ್ಣಗೈತಿ!"

ಆಮೇಲೆ ನೀರಿನ ಸದ್ದು. ನಿಂತಿತು, ಮತ್ತೆ ಬಂತು, ಮತ್ತೆ ನಿಂತಿತು. ಅವಳು ನಳವನ್ನು ಹೆಚ್ಚು ಕಡಿಮೆ ಮಾಡಿ ನೋಡುತ್ತಿದ್ದಳು. ನನಗೆ ಆ ಕುತೂಹಲ ಎಲ್ಲಿಂದ ಬಂದದ್ದೆಂದು ಆಗ ಗೊತ್ತಾಯಿತು. ಹೊರಗೆ ಬಂದವಳು ಯಾರ ಮುಖವನ್ನೂ ನೋಡದೆ ಬೂದಿಗುಡ್ಡೆಯ ಕಡೆ ಅಭ್ಯಾಸದಿಂದ ನಡೆದು, ಅರ್ಧ ದಾರಿಯಲ್ಲಿ ನಿಂತಳು. ಬಲಗೈಯನ್ನು ಹಿಂದೆ ಮುಂದೆ ತಿರುಗಿಸಿ ನೋಡಿಕೊಂಡಳು. ತೊಳೆಯುವಂಥದ್ದು ಏನೂ ಇರಲಿಲ್ಲ.

ಈಗ ಎಲ್ಲರ ಮನೆಯ ಸಂಡಾಸಿನಲ್ಲೂ ನೀರಿನ ಸ್ಪ್ರೇ ಇದೆ. ಪ್ರವಾಸಿಗರು ಬರುವ ಹನುಮನಹಳ್ಳಿಯ ಕಡೆಯ ಲಾಡ್ಜಿನಲ್ಲಿ ಪರದೇಶದವರಿಗೆಂದು ಪೇಪರಿನ ಸುರುಳಿಯನ್ನೂ ಅದರ ಪಕ್ಕ ಸ್ಪ್ರೇಯನ್ನೂ ಇಟ್ಟದ್ದನ್ನು ನೋಡಿದ್ದೇನೆ. ನಾನು ಕೊಪ್ಪಳದಲ್ಲಿ ಮನೆ ಕಟ್ಟಿಸಿದಾಗ ಪ್ಲಂಬರ್ ಹುಡುಗ ಬಲಗಡೆ ಗುರುತು ಹಾಕಿದ. ಎಡಗಡೆಗೂ ಒಂದು ಇರಲಿ ಎಂದೆ. "ಎರಡು ಯಾಕ್ರೀ ಮೇಡಂ?" ಎಂದು ನಕ್ಕ. ಯಾವ ಕೈ ಯಾವಾಗ ನಿಲ್ಲುತ್ತದೋ ಹೇಳಲು ಬರುವುದಿಲ್ಲ ಎಂದು ನಾನು ಅವನಿಗೆ ಹೇಳಲಿಲ್ಲ.

ಆಯಿ ಮೊದಲ ಸಲ ಆ ನಳ ತಿರುಗಿಸಿದ ದಿನ ಮಧ್ಯಾಹ್ನ ಊಟಕ್ಕೆ ಕೂತೆವು. ಒಂದೇ ಕೈಯಲ್ಲಿ ಒಣಗಿ ಗಟ್ಟಿಯಾದ ಕಟಿ ರೊಟ್ಟಿ ಮುರಿಯಲು ಬಾರದ ಆಯಿಗೆ ಅವ್ವ ರೊಟ್ಟಿಯನ್ನು ಮುರಿದು ಗಂಗಾಳಕ್ಕೆ ಹಾಕಿ, ಪುಂಡಿಪಲ್ಯ ಬಡಿಸಿದಳು. ಆಯಿ ಉಂಡಳು. ಕಿಟಕಿಯ ಕಡೆ ನೋಡಲಿಲ್ಲ, ಹೊರಗೆ ಎಮ್ಮೆ ಕಾದು ಕಾದು ಒದರಿತು. ಒಂದು ರೊಟ್ಟಿ ಪೂರ್ತಿ ಮುಗಿಯಿತು. ಗಂಗಾಳದ ಅಂಚಿಗೆ ಹತ್ತಿದ ಪಲ್ಯವನ್ನೂ ಬೆರಳಿನಿಂದ ಒರೆಸಿ ನೆಕ್ಕಿದಳು. ನಾವೆಲ್ಲ ನಮ್ಮ ನಮ್ಮ ಗಂಗಾಳ ನೋಡುತ್ತಿದ್ದೆವು. ಆಯಿ ಬೆರಳುಗಳನ್ನು ಹಾಗೇ ಹಿಡಿದುಕೊಂಡು ಏನೋ ಲೆಕ್ಕ ಹಾಕುವವಳ ಹಾಗೆ ಕೂತಳು. ಆಮೇಲೆ, ಅಷ್ಟು ದಿನಗಳಲ್ಲಿ ಮೊದಲ ಸಲ, ನನ್ನ ಕಡೆ ಮುಖ ಮಾಡಿದಳು.

"ಏ ಹುಡುಗಿ. ಹೋಗಿ ನೋಡಿ ಬಾ. ಡಬ್ಬಿ ತುಂಬೈತೇನು?"

ಎಂಜಲ ಕೈಯಲ್ಲೇ ಓಡಿದೆ. ಏಣಿ ಹತ್ತಿ ಇಣುಕಿದೆ. ಅವ್ವ ಯಾವಾಗಲೋ ಮತ್ತೆ ಸುರಿದಿದ್ದಳು. ನೀರು ಅಂಚಿಗೆ ಬಂದು ನಿಂತಿತ್ತು, ಅದರಲ್ಲಿ ನನ್ನ ಮುಖವೂ ಇತ್ತು. ಅಲ್ಲಿಂದಲೇ ಕೂಗಿದೆ.

"ತುಂಬೈತಿ ಆಯಿ! ಅಂಚಿನ ಮಟಾ ತುಂಬೈತಿ!"

ನಾನು ಒಳಗೆ ಬರುವಷ್ಟರಲ್ಲಿ ಆಯಿ ಗಂಗಾಳವನ್ನು ಅವ್ವನ ಕಡೆ ಸರಿಸಿದ್ದಳು.

"ಹಂಗಾರ ಇನ್ನೊಂದು ರೊಟ್ಟಿ ಹಾಕು."